ಬಾಯಿಯ ಹೊಸ್ತಿಲಲ್ಲಿ

ನನ್ನ ಪಿಎಚ್.ಡಿ. ವಿಷಯ ಏನೆಂದು ಯಾರಾದರೂ ಕೇಳಿದರೆ ಮೊದಲು ಅವರ ಮುಖ ನೋಡುತ್ತೇನೆ. ಗಂಭೀರವಾಗಿ ಕೇಳಿದವರಿಗೆ, ‘ಬಾಯಿಯೊಳಗಿನ ಅನುಭವವನ್ನು ಇಂದ್ರಿಯಗಳೆಲ್ಲ ಸೇರಿ ಹೇಗೆ ರೂಪಿಸುತ್ತವೆ ಎಂಬುದು’ ಎನ್ನುತ್ತೇನೆ. ಸಲುಗೆಯವರಿಗೆ ‘ತಿನ್ನೋದು’ ಎಂದು ಹೇಳಿ ಮುಗಿಸುತ್ತೇನೆ. ‘ತಿನ್ನೋದಕ್ಕೂ ಡಾಕ್ಟರೇಟಾ?’ ಎಂಬ ಪ್ರಶ್ನೆ ಎರಡೂ ಕಡೆಯಿಂದ ಬರುತ್ತದೆ. ಒಂದು ಕಡೆ ಬಾಯಿಬಿಟ್ಟು, ಇನ್ನೊಂದು ಕಡೆ ಕಣ್ಣಿನಲ್ಲೇ. ಆ ಪ್ರಶ್ನೆಯಿಂದ ನನಗೆ ಬೇಸರವಿಲ್ಲ. ದಿನಕ್ಕೆ ಮೂರು ಹೊತ್ತು ಮಾಡುವ ಕೆಲಸದಲ್ಲಿ ತಿಳಿಯದೆ ಉಳಿದದ್ದು ಏನಿದ್ದೀತು ಎಂದು ಶುರುವಿನಲ್ಲಿ ನನಗೂ ಅನ್ನಿಸಿತ್ತು.

ನಾಲ್ಕು ವರ್ಷ ಇದೇ ಕೆಲಸ ಮಾಡುತ್ತಾ, ನನ್ನ ಪ್ರಬಂಧದ ಯಾವ ಅಧ್ಯಾಯದಲ್ಲೂ ಜಾಗ ಸಿಗದ ಒಂದು ಪ್ರಶ್ನೆಯೂ ಜೊತೆಗೇ ಬೆಳೆದಿದೆ. ಬಾಯಿಗೆ ಹಾಕಿಕೊಳ್ಳುವ ಪದಾರ್ಥ ಅದೇ ಇರಲಿ; ಅದರ ಬಣ್ಣವನ್ನೋ, ಅಗಿಯುವಾಗಿನ ಸದ್ದನ್ನೋ, ಸುತ್ತಲಿನ ವಾಸನೆಯನ್ನೋ ಬದಲಿಸಿದರೆ ತಿನ್ನುವವರ ಪಾಲಿಗೆ ರುಚಿಯೇ ಬದಲಾಗುತ್ತದೆ. ಇದು ಈಗ ಚೆನ್ನಾಗಿ ಗೊತ್ತಿರುವ ಸಂಗತಿ. ಹಾಗೆ ಬದಲಿಸುವುದು ಮೋಸವೇ? ಮೋಸ ಎನ್ನಬೇಕಾದರೆ ಎಲ್ಲೋ ಒಂದು ‘ನಿಜವಾದ ರುಚಿ’ ಇರಬೇಕು, ನಾವು ಅದನ್ನು ಮುಚ್ಚಿಟ್ಟಿರಬೇಕು. ಆ ನಿಜವಾದ ರುಚಿ ಎಲ್ಲಿದೆ?

ಓದುವುದನ್ನು ಎರಡು ನಿಮಿಷ ನಿಲ್ಲಿಸಿ ಅಡುಗೆಮನೆಗೆ ಹೋಗಿ ಬನ್ನಿ. ಒಂದು ಏಲಕ್ಕಿ ಬಿಡಿಸಿ, ಬೀಜ ಕುಟ್ಟಿ, ಒಂದು ಚೂರು ಬೆಲ್ಲಕ್ಕೆ ಮೆತ್ತಿ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಅದನ್ನು ಬಾಯಿಗೆ ಹಾಕಿ ಅಗಿಯಿರಿ. ಸಿಹಿ ಸಿಗುತ್ತದೆ, ತರಿತರಿ ಸಿಗುತ್ತದೆ, ನಾಲಗೆಯ ಮೇಲೆ ತುಸು ತಂಪು. ಏಲಕ್ಕಿ ಮಾತ್ರ ಇಲ್ಲ. ಈಗ ಮೂಗು ಬಿಡಿ. ಏಲಕ್ಕಿ ಒಮ್ಮೆಗೇ ಬಂದು ಬಾಯಿ ತುಂಬಿಕೊಳ್ಳುತ್ತದೆ.

ಇಷ್ಟರವರೆಗೆ ಇದು ಹೈಸ್ಕೂಲು ಪ್ರಯೋಗ. ನೆಗಡಿಯಾದವರಿಗೆಲ್ಲ ಗೊತ್ತಿರುವ ವಿಷಯ. ಬಾಯಿಯಲ್ಲಿ ಅಗಿದಾಗ ಹೊರಟ ಪರಿಮಳ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎಂದುಕೊಳ್ಳುವುದರಲ್ಲಿ ಬಹುಪಾಲು ಹೀಗೆ ಹಿಂಬಾಗಿಲಿನಿಂದ ಬಂದ ವಾಸನೆ. ನನಗೆ ಕುತೂಹಲ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಏಲಕ್ಕಿಯನ್ನು ಗುರುತಿಸಿದ್ದು ಮೂಗು. ಆದರೆ ನಿಮಗೆ ಅದು ಎಲ್ಲಿ ಇದ್ದಂತೆ ಅನ್ನಿಸಿತು? ಬಾಯಿಯಲ್ಲಿ. ನಾಲಗೆಯ ಮೇಲೆ, ಬೆಲ್ಲದ ಚೂರು ಎಲ್ಲಿತ್ತೋ ಅಲ್ಲಿ. ವಾಸನೆಗೆ ಹೀಗೆ ಎರಡು ಮುಖ ಇದೆಯೆಂದು, ಮೂಸಿದಾಗ ಹೊರಗಿನ ಲೋಕದ ಸುದ್ದಿ, ತಿಂದಾಗ ಬಾಯಿಯೊಳಗಿನ ಸುದ್ದಿ ಎಂದು, 1982ರಲ್ಲಿ ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಬರೆದರು. ಅಲ್ಲಿಂದ ಮುಂದೆ ಬಂದ ಕೆಲಸಗಳು ಇದರಲ್ಲಿ ಸ್ಪರ್ಶದ ಕೈವಾಡವನ್ನೂ, ಜೊತೆಗಿರುವ ಸಿಹಿ ಉಪ್ಪುಗಳ ಕೈವಾಡವನ್ನೂ ತೋರಿಸಿವೆ. ನಾಲಗೆಯ ಮೇಲೆ ಒಂದು ವಸ್ತು ಹೊರಳಾಡುತ್ತಿದೆ, ಸಿಹಿಯೂ ಇದೆ. ಹಾಗಾದರೆ ಈ ಪರಿಮಳವೂ ಅದರದ್ದೇ ಎಂದು ಮಿದುಳು ಲೆಕ್ಕ ಹಾಕಿ, ಮೂಗಿನ ಗಳಿಕೆಯನ್ನು ತಂದು ಬಾಯಿಯ ಖಾತೆಗೆ ಜಮಾ ಮಾಡುತ್ತದೆ.

ಯಾರೂ ನಮ್ಮನ್ನು ವಂಚಿಸದೆ ಇರುವಾಗಲೂ, ಮನೆಯಲ್ಲಿ ಕೂತು ಶುದ್ಧ ಬೆಲ್ಲ ತಿನ್ನುವಾಗಲೂ, ಈ ಅದಲುಬದಲು ನಡೆಯುತ್ತಲೇ ಇದೆ. ಸೂಕ್ಷ್ಮವಾಗಿ ನೋಡಿದರೆ ‘ಏಲಕ್ಕಿಯ ರುಚಿ’ ಎನ್ನುವುದೇ ಒಂದು ಸುಳ್ಳು. ಆದರೆ ಅದಕ್ಕಿಂತ ನಿಜವಾದದ್ದು ಅದರ ಹಿಂದೆ ಬೇರೊಂದು ಅಡಗಿ ಕೂತಿಲ್ಲ.

ರುಚಿಗೆ ಒಂದು ಖಾಯಂ ವಿಳಾಸ ಬೇಕೆಂಬ ಆಸೆ ನಮ್ಮಲ್ಲಿ ಎಷ್ಟು ಗಟ್ಟಿ ಎಂಬುದಕ್ಕೆ ಶಾಲೆಯ ವಿಜ್ಞಾನ ಪುಸ್ತಕದ ನಾಲಗೆಯ ಚಿತ್ರವನ್ನು ನೆನಪಿಸಿಕೊಳ್ಳಿ. ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಉಪ್ಪು, ಅದರ ಹಿಂದೆ ಹುಳಿ, ಬುಡದಲ್ಲಿ ಕಹಿ. ನಾನೂ ಬಣ್ಣದ ಪೆನ್ಸಿಲಿನಲ್ಲಿ ಬರೆದು ಅಂಕ ಪಡೆದವನೇ. ಈ ಚಿತ್ರದ ಮೂಲ 1901ರಲ್ಲಿ ಜರ್ಮನಿಯ ಡೇವಿಡ್ ಹೇನಿಗ್ ಪ್ರಕಟಿಸಿದ ಅಧ್ಯಯನ. ಆತ ಹೇಳಿದ್ದು ನಾಲಗೆಯ ಅಂಚಿನ ಬೇರೆ ಬೇರೆ ಕಡೆ ಬೇರೆ ಬೇರೆ ರುಚಿಗಳಿಗೆ ಸಂವೇದನೆ ತುಸು ಹೆಚ್ಚುಕಡಿಮೆ ಇದೆ ಎಂದಷ್ಟೇ. 1942ರಲ್ಲಿ ಎಡ್ವಿನ್ ಬೋರಿಂಗ್ ತನ್ನ ಗ್ರಂಥದಲ್ಲಿ ಆ ಅಂಕಿಅಂಶಗಳನ್ನು ಒಂದು ರೇಖಾಚಿತ್ರವಾಗಿ ಬರೆದ. ಓದಿದವರು ‘ಕಡಿಮೆ’ಯನ್ನು ‘ಇಲ್ಲ’ ಎಂದುಕೊಂಡರು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು ವ್ಯತ್ಯಾಸ ತೀರಾ ಸಣ್ಣದು, ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿಗಳೂ ತಿಳಿಯುತ್ತವೆ ಎಂದು ತೋರಿಸಿದರು. ಆಮೇಲೂ ಆ ನಕ್ಷೆ ಪುಸ್ತಕಗಳಲ್ಲಿ ಉಳಿಯಿತು. ಅದನ್ನು ತಪ್ಪೆಂದು ಸಾಬೀತು ಮಾಡಲು ಪ್ರಯೋಗಾಲಯ ಬೇಕಿರಲಿಲ್ಲ, ನಾಲಗೆಯ ತುದಿಗೆ ಒಂದು ಹರಳು ಉಪ್ಪು ಇಟ್ಟುಕೊಂಡರೆ ಸಾಕಿತ್ತು. ಕೋಟ್ಯಂತರ ಮಕ್ಕಳು ಸ್ವಂತ ನಾಲಗೆಗಿಂತ ಪುಸ್ತಕವನ್ನು ನಂಬಿದೆವು.

ನಮ್ಮ ಭಾಷೆ ಈ ವಿಷಯದಲ್ಲಿ ನಕ್ಷೆಗಿಂತ ಉದಾರಿ. ಖಾರವನ್ನೂ ಒಗರನ್ನೂ ನಾವು ಯಾವ ಅಳುಕೂ ಇಲ್ಲದೆ ರುಚಿಗಳ ಪಂಕ್ತಿಯಲ್ಲೇ ಕೂರಿಸಿದ್ದೇವೆ. ಷಡ್ರಸದಲ್ಲಿ ಎರಡಕ್ಕೂ ಎಲೆ ಹಾಕಿದೆ. ಇವತ್ತಿನ ಶರೀರಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಎರಡೂ ರುಚಿಯಲ್ಲ. ಮೆಣಸಿನಕಾಯಿಯ ಖಾರವನ್ನು ಹಿಡಿಯುವುದು ಸುಡುವ ಬಿಸಿಯನ್ನು ಹಿಡಿಯುವ ಅದೇ ನರದ ದ್ವಾರ. ಡೇವಿಡ್ ಜೂಲಿಯಸ್ 1997ರಲ್ಲಿ ಅದನ್ನು ಗುರುತಿಸಿದರು, 2021ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಖಾರ ಎಂದರೆ ಬೆಂಕಿಯಿಲ್ಲದ ಸುಡುವಿಕೆ. ಇನ್ನು ನೇರಳೆ ಹಣ್ಣು ತಿಂದಾಗಿನ ಒಗರು ಮುಖ್ಯವಾಗಿ ಸ್ಪರ್ಶ: ಹಣ್ಣಿನ ಅಂಶಗಳು ಎಂಜಲಿನ ಪ್ರೋಟೀನುಗಳನ್ನು ಕಟ್ಟಿಹಾಕುತ್ತವೆ, ಬಾಯಿಯ ಜಾರುತನ ಹೋಗಿ ಒಳಗೋಡೆ ಒಂದಕ್ಕೊಂದು ಉಜ್ಜುತ್ತದೆ. ಹಾಗೆಂದು ನಮ್ಮ ಹಿರಿಯರಿಗೆ ನರಗಳ ವಿಷಯ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆ ಜಾತಿಯ ವಾಟ್ಸಾಪ್ ವಿಜ್ಞಾನ ಸಾಕಷ್ಟಿದೆ. ಅವರು ಬಾಯಿಯ ಅನುಭವವನ್ನು ಅಂಗಗಳಿಗೆ ಹಂಚದೆ ಇಡಿಯಾಗಿ ಹೆಸರಿಸಿದರು, ಅಷ್ಟೆ.

ಮುದ್ದೆಯನ್ನೇ ತೆಗೆದುಕೊಳ್ಳಿ. ನಾನು ಮಂಡ್ಯದ ಕಡೆಯವನು, ಈ ಉದಾಹರಣೆ ಬಿಟ್ಟು ಮುಂದೆ ಹೋಗಲಾರೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೊರಗಿನವರಿಗೆ ಇದೊಂದು ದೊಡ್ಡ ಸೋಜಿಗ: ಅಗಿಯದೆ ರುಚಿ ಹೇಗೆ ಗೊತ್ತಾಗುತ್ತದೆ? ಮುದ್ದೆಯ ಊಟ ಬೆರಳಿನಿಂದ ಶುರುವಾಗುತ್ತದೆ. ಬಿಸಿ ಮೊದಲು ಬೆರಳಿಗೆ ತಿಳಿಯುತ್ತದೆ. ತುತ್ತು ಮುರಿದಾಗ ಹದವಾಗಿ ಬೆಂದಿದೆಯೋ, ಗಂಟು ಉಳಿದಿದೆಯೋ ಎಂಬುದನ್ನೂ ಬೆರಳೇ ಹೇಳುತ್ತದೆ. ಉಂಡೆ ಮಾಡಿ ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ನಾಲಗೆಗೆ ಸಿಗುವುದು ಒಂದೆರಡು ಕ್ಷಣ. ಅಷ್ಟರಲ್ಲಿ ಅದು ಗಂಟಲಿಗೆ ಜಾರಿರುತ್ತದೆ. ನುಂಗಿದ ಮರುಗಳಿಗೆಯ ಉಸಿರಿನಲ್ಲಿ ಬಸ್ಸಾರಿನ ಬೆಳ್ಳುಳ್ಳಿ, ಹುರುಳಿಯ ವಾಸನೆ ಹಿಂದಿನಿಂದ ಮೂಗಿಗೆ ಏರುತ್ತದೆ. ಗಂಟಲಲ್ಲಿ ಇಳಿಯುವ ಆ ತೂಕ, ಆ ಬಿಸಿ, ಅದೇ ಊಟ. ಹೊಟ್ಟೆ ತುಂಬುವುದು ಆಮೇಲಿನ ಮಾತು. ಇದನ್ನು ನಾಲಗೆಯ ನಕ್ಷೆಯ ಮೇಲೆ ಎಲ್ಲಿ ಗುರುತು ಹಾಕುತ್ತೀರಿ?

ಈಗ ಮೋಸದ ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಎರಡು ಕಥೆಗಳಿವೆ.

ಒಂದು ಫ್ರಾನ್ಸಿನ ಬೋರ್ಡೋದ್ದು. 2001ರಲ್ಲಿ ಜಿಲ್ ಮೊರೊ, ಫ್ರೆಡೆರಿಕ್ ಬ್ರೋಶೆ, ಡೆನಿ ಡ್ಯೂಬೋರ್ದಿಯು ಎಂಬ ಮೂವರು ಪ್ರಕಟಿಸಿದ ಪ್ರಯೋಗ. ದ್ರಾಕ್ಷಾರಸಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಮೊದಲು ಒಂದು ಬಿಳಿ ವೈನ್, ಒಂದು ಕೆಂಪು ವೈನ್ ಕೊಟ್ಟು ವಾಸನೆಯನ್ನು ವರ್ಣಿಸಲು ಹೇಳಿದರು. ಆಮೇಲೆ ಇನ್ನೊಂದು ದಿನ ಎರಡೂ ಲೋಟಕ್ಕೆ ಅದೇ ಬಿಳಿ ವೈನ್ ಹಾಕಿ, ಒಂದಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದರು. ವಿದ್ಯಾರ್ಥಿಗಳು ಬಣ್ಣ ಹಾಕಿದ ಬಿಳಿ ವೈನಿಗೆ ಕೆಂಪು ವೈನಿನ ಪದಗಳನ್ನು ಕೊಟ್ಟರು. ಇದನ್ನು ಹೇಳುವವರೆಲ್ಲ ಕೊನೆಯಲ್ಲಿ ನಗುತ್ತಾರೆ: ನೋಡಿ, ವೈನ್ ಪಂಡಿತರ ಬಂಡವಾಳ! ನನಗೆ ಆ ನಗು ಹಿಡಿಸುವುದಿಲ್ಲ. ಅವರು ಪಂಡಿತರಲ್ಲ, ವಿದ್ಯಾರ್ಥಿಗಳು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಕಲಿಕೆ ಇತ್ತು ಎಂಬ ಕಾರಣಕ್ಕೇ ಅವರು ಬಣ್ಣಕ್ಕೆ ಸೋತರು. ಕೆಂಪು ವೈನ್ ಎಂದರೆ ಯಾವ ವಾಸನೆ ಎಂದು ಗೊತ್ತಿಲ್ಲದ ನನ್ನಂಥವನು ಆ ಲೋಟದಲ್ಲಿ ಕೆಂಪು ವೈನಿನ ವಾಸನೆಯನ್ನು ಕಾಣುವುದಾದರೂ ಹೇಗೆ?

ಇನ್ನೊಂದು ಆಕ್ಸ್‌ಫರ್ಡಿನದು. 2004ರಲ್ಲಿ ಮಾಸಿಮಿಲಿಯಾನೊ ಜಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಆಲೂಗಡ್ಡೆ ಚಿಪ್ಸ್ ಕಚ್ಚುವ ಸದ್ದನ್ನು ಮೈಕಿನಲ್ಲಿ ಹಿಡಿದು, ಕಚ್ಚುತ್ತಿರುವವರ ಕಿವಿಗೇ ಹೆಡ್‌ಫೋನಿನಲ್ಲಿ ಮರಳಿ ಕೇಳಿಸಿದರು. ನಡುವೆ ಸದ್ದಿನ ಮಟ್ಟವನ್ನೂ, ಅದರ ಕೀಚು ಭಾಗವನ್ನೂ ಏರಿಸಿದರು, ಇಳಿಸಿದರು. ಸದ್ದು ಏರಿದಾಗ ಚಿಪ್ಸ್ ಹೆಚ್ಚು ಗರಿಗರಿ, ತಾಜಾ ಅನ್ನಿಸಿತು. ಇಳಿಸಿದಾಗ ಮೆತ್ತಗಾದಂತೆ ಅನ್ನಿಸಿತು. ಚಿಪ್ಸ್ ಎಲ್ಲವೂ ಒಂದೇ ಬಗೆಯವು. 2008ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ನಗುವವರ ಬಾಯಿಯಲ್ಲಿ ‘ಗರಿಗರಿ’ ಎಂಬ ಪದವೇ ಒಂದು ಸದ್ದು ಎಂಬುದನ್ನು ಯಾರೂ ಗಮನಿಸುವುದಿಲ್ಲ. ಕನ್ನಡದ ಕಿವಿಗೆ ಈ ಫಲಿತಾಂಶ ಅಷ್ಟೇನೂ ಆಶ್ಚರ್ಯ ತರಬಾರದು. ‘ಕುರುಕಲು’ ಎಂದು ತಿಂಡಿಗೆ ಹೆಸರಿಟ್ಟವರು ಕಿವಿಯಿಂದ ತಿಂದವರೇ.

ಹಾಗಾದರೆ ಹೆಡ್‌ಫೋನಿನವರು ಚಿಪ್ಸ್ ಕಚ್ಚಿದವರಿಗೆ ಸುಳ್ಳು ಹೇಳಿದರೇ? ವೈನಿಗೆ ಬಣ್ಣ ಹಾಕಿದವರು?

ಇಲ್ಲಿ ಹಾಸ್ಟೆಲಿನ ನನ್ನ ಪಕ್ಕದ ಕೋಣೆಯ ಗೆಳೆಯನ ನೆರವು ಸಿಕ್ಕಿತು. ಅವನು ಕನ್ನಡ ಸಂಶೋಧನಾ ವಿದ್ಯಾರ್ಥಿ. ಅವನ ಮೇಜಿನ ಮೇಲೆ ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಯಾವಾಗಲೂ ಬಿದ್ದಿರುತ್ತದೆ. ಒಂದು ರಾತ್ರಿ ನನ್ನ ಗೋಳು ಕೇಳಿ, ‘ಇದು ನಮ್ಮಲ್ಲಿ ಸಾವಿರ ವರ್ಷದ ಹಿಂದೆ ನಡೆದ ಜಗಳ ಕಣೋ’ ಎಂದ. ಭರತ ನಾಟ್ಯಶಾಸ್ತ್ರದಲ್ಲಿ ರಸವನ್ನು ವಿವರಿಸಲು ಹಿಡಿದ ಹೋಲಿಕೆಯೇ ಊಟದ್ದು: ನಾನಾ ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನ ಉಣ್ಣುವವನು ರಸವನ್ನು ಆಸ್ವಾದಿಸುವಂತೆ, ಪ್ರೇಕ್ಷಕ ಭಾವಗಳನ್ನು ಆಸ್ವಾದಿಸುತ್ತಾನೆ. ಆಮೇಲೆ ಬಂದವರು ಕೇಳಿಕೊಂಡದ್ದು ಆ ರಸ ಎಲ್ಲಿದೆ ಎಂದು. ರಾಮನಲ್ಲಿ ಇದೆಯೇ? ರಾಮನ ವೇಷ ಹಾಕಿದ ನಟನಲ್ಲಿ ಇದೆಯೇ? ನೋಡುವವನಲ್ಲೇ? ಲೊಲ್ಲಟ ಮೂಲಪಾತ್ರದ ಕಡೆ ಕೈ ತೋರಿಸಿದ. ಅಭಿನವಗುಪ್ತನ ಹೊತ್ತಿಗೆ ರಸ ಸಹೃದಯನಲ್ಲಿ ಬಂದು ನೆಲೆಸಿತು.

ನಡುವೆ ಬರುವ ಶಂಕುಕನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಗೋಡೆಯ ಮೇಲೆ ಕುದುರೆಯ ಚಿತ್ರವಿದೆ, ನೋಡಿದವನು ‘ಇದು ಕುದುರೆ’ ಎನ್ನುತ್ತಾನೆ. ಈ ಅರಿವು ಎಂಥದು? ಸತ್ಯಜ್ಞಾನವಲ್ಲ, ಅಲ್ಲಿ ಕುದುರೆಯಿಲ್ಲ. ಮಿಥ್ಯಾಜ್ಞಾನವೂ ಅಲ್ಲ, ಅವನು ಹುಲ್ಲು ತಂದು ಹಾಕಲು ಹೋಗುವುದಿಲ್ಲ. ಸಂಶಯವೂ ಅಲ್ಲ, ಬರೀ ಹೋಲಿಕೆಯೂ ಅಲ್ಲ. ನಾಟಕದಲ್ಲಿ ನಟನನ್ನು ರಾಮನೆಂದು ಕಾಣುವುದು ಈ ಬಗೆಯದು ಎಂದು ಅವನ ವಾದ. ಕಾವ್ಯಮೀಮಾಂಸೆಯಲ್ಲಿ ಈ ವಾದಕ್ಕೆ ಮುಂದೆ ಪೆಟ್ಟು ಬಿತ್ತು, ಅಭಿನವಗುಪ್ತನೇ ಅದನ್ನು ಖಂಡಿಸಿದ. ನನಗೆ ಬೇಕಾದದ್ದು ಅವನ ಒಂದು ಒಳನೋಟ: ನಿಜ, ಸುಳ್ಳು ಎಂಬ ಎರಡೇ ಡಬ್ಬಿಗಳಲ್ಲಿ ಹಾಕಲಾಗದ ಅರಿವುಗಳಿವೆ.

ಇದಕ್ಕೆ ನಾನು ಪ್ರಯೋಗಾಲಯದ ಕಡೆಯಿಂದ ಒಂದು ಸಂಗತಿ ಸೇರಿಸಬಲ್ಲೆ. ಸುಳ್ಳು ಗೊತ್ತಾದ ಕ್ಷಣ ಸಾಯುತ್ತದೆ. ‘ನಾನು ಕೊಟ್ಟ ನೋಟು ಖೋಟಾ’ ಎಂದು ತಿಳಿದ ಮೇಲೆ ಆ ನೋಟಿನಿಂದ ನೀವು ಏನನ್ನೂ ಕೊಳ್ಳಲಾರಿರಿ. ಬಾಯಿಯ ಭ್ರಮೆಗಳು ಹಾಗಲ್ಲ. ಏಲಕ್ಕಿ ಮೂಗಿನಲ್ಲಿದೆ ಎಂದು ಈಗ ನಿಮಗೆ ಗೊತ್ತು. ಆದರೂ ಮುಂದಿನ ಸಲ ಪಾಯಸ ತಿಂದಾಗ ಅದು ನಾಲಗೆಯ ಮೇಲೇ ಇರುತ್ತದೆ. ಮೆಣಸಿನಕಾಯಿಯಲ್ಲಿ ಬೆಂಕಿಯಿಲ್ಲ ಎಂದು ತಿಳಿದವನ ಬಾಯಿಯೂ ಉರಿಯುತ್ತದೆ. ತಿಳಿದ ಮೇಲೂ ಉಳಿಯುವ ಇದನ್ನು ತಿಳಿಯದಿದ್ದಾಗ ಮಾತ್ರ ಬದುಕುವ ಸುಳ್ಳಿನ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ.

ಕೇಸರಿಬಾತನ್ನು ನೋಡಿ. ಹೋಟೆಲಿನ ಕೇಸರಿಬಾತಿನಲ್ಲಿ ಕೇಸರಿ ಇಲ್ಲವೆಂದು ಆ ಬೆಲೆಗೆ ಅದನ್ನು ತಿನ್ನುವ ಪ್ರತಿಯೊಬ್ಬನಿಗೂ ಗೊತ್ತು. ಇರುವುದು ಬಣ್ಣ. ಆ ಬಣ್ಣವಿಲ್ಲದಿದ್ದರೆ ಅದೇ ರವೆ, ಅದೇ ತುಪ್ಪ, ಅದೇ ಸಕ್ಕರೆ ಇದ್ದರೂ ಅದು ಶಿರಾ, ಬೇರೆಯೇ ತಿಂಡಿ. ಯಾರಿಗೂ ಮೋಸವಾಗಿಲ್ಲ. ಅದೇ ಗೋಬಿ ಮಂಚೂರಿಯ ಕೆಂಪು? 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಮಿಠಾಯಿಯಲ್ಲಿ ಸಿಕ್ಕಿದ್ದರಲ್ಲಿ ರೋಡಮೈನ್-ಬಿ ಇತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಅದು ವಿಷದ ಪ್ರಶ್ನೆ, ಚರ್ಚೆ ಬೇಕಿಲ್ಲ. ಆದರೆ ಬಣ್ಣ ನಿರಪಾಯವಾಗಿದ್ದರೂ ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಬಣ್ಣ ರುಚಿಯೊಳಗೆ ಸೇರಿ ರುಚಿಯ ಒಂದು ಪಾಲಾಗುತ್ತದೆ. ಜೊತೆಗೆ ಅದು ಪದಾರ್ಥದ ಬಗ್ಗೆ ಒಂದು ಹೇಳಿಕೆಯನ್ನೂ ಕೊಡುತ್ತದೆ: ಇಲ್ಲಿ ಬ್ಯಾಡಗಿ ಮೆಣಸಿನಕಾಯಿ ಹಾಕಿದೆ, ಈ ಹಣ್ಣು ಮರದಲ್ಲೇ ಮಾಗಿದೆ, ಈ ಮೀನು ಇವತ್ತಿನದು. ಮೊದಲ ಕೆಲಸದಲ್ಲಿ ಸುಳ್ಳಿಗೆ ಜಾಗವೇ ಇಲ್ಲ. ಎರಡನೆಯದರಲ್ಲಿ ಇದೆ. ವ್ಯಾಪಾರಿಗಳು ಸಿಕ್ಕಿಬಿದ್ದಾಗ ಮೊದಲನೆಯದನ್ನು ಮುಂದೆ ಮಾಡಿ ಎರಡನೆಯದನ್ನು ಬಚ್ಚಿಡುತ್ತಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ತರ್ಕ ನನಗೆ ಸಾಕಾಗುತ್ತಿತ್ತು. ಕಳೆದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು.

ಕೈಕಾಲು ಬೇಗ ಚೇತರಿಸಿಕೊಂಡವು, ಗಂಟಲು ಚೇತರಿಸಿಕೊಳ್ಳಲಿಲ್ಲ. ನುಂಗುವುದು ಎಂದರೆ ಹತ್ತಾರು ಸ್ನಾಯುಗಳ ಕರಾರುವಾಕ್ಕಾದ ಸರದಿ. ಅದು ತಪ್ಪಿದರೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ತೆಳ್ಳಗಿನ ನೀರು ಎಲ್ಲಕ್ಕಿಂತ ಅಪಾಯ, ಗಂಟಲು ಮುಚ್ಚಿಕೊಳ್ಳುವ ಮೊದಲೇ ಅದು ಓಡಿಬಿಡುತ್ತದೆ. ಇಂಥವರಿಗಾಗಿ ಆಹಾರವನ್ನು ಸೊನ್ನೆಯಿಂದ ಏಳರವರೆಗೆ ದರ್ಜೆ ಮಾಡಿದ ಒಂದು ಅಂತರರಾಷ್ಟ್ರೀಯ ಅಳತೆಯಿದೆ. ಚಮಚ ಓರೆ ಮಾಡಿದರೆ ಅಂಟಿಕೊಳ್ಳದೆ ಇಡಿಯಾಗಿ ಬೀಳಬೇಕು, ಫೋರ್ಕಿನ ಸಂದಿಯಿಂದ ಹನಿಯಬಾರದು, ಹೀಗೆ. ಪ್ರಯೋಗಾಲಯದಲ್ಲಿ ನಾನು ಅದನ್ನು ದಿನವೂ ಬಳಸುವವನು. ಮನೆಯಲ್ಲಿ ಅಪ್ಪನ ಮುಂದೆ ಅದೇ ಅಳತೆ ಹಿಡಿದು ಕೂತಾಗ ಅದು ಬೇರೆಯೇ ವಸ್ತುವಾಯಿತು. ಪುಡಿ ಬೆರೆಸಿ ಗಟ್ಟಿ ಮಾಡಿದ ನೀರನ್ನು ಒಂದು ಚಮಚ ಬಾಯಿಗೆ ತೆಗೆದುಕೊಂಡು ಅಪ್ಪ ನನ್ನ ಮುಖ ನೋಡಿ, ‘ಇದೇನ್ ಮಗಾ, ಗೋಂದು ಕುಡಿಸ್ತಿದ್ದೀಯ?’ ಎಂದರು.

ಎಪ್ಪತ್ತು ವರ್ಷ ಮುದ್ದೆ ನುಂಗಿದ ಗಂಟಲು. ಮುದ್ದೆ ಅಂಟು, ಅಗಿಯದೆ ನುಂಗುವಂಥದು. ಇಂಥ ಗಂಟಲಿಗೆ ಅದಕ್ಕಿಂತ ಕೆಟ್ಟ ಆಹಾರ ಹುಡುಕುವುದು ಕಷ್ಟ. ಹಾಲು, ಬಾಳೆಹಣ್ಣು, ರುಬ್ಬಿದ ಅನ್ನ ಎಲ್ಲದಕ್ಕೂ ಅಪ್ಪ ಎರಡು ಚಮಚದ ಮೇಲೆ ತಲೆ ಅಲ್ಲಾಡಿಸುತ್ತಿದ್ದರು. ತೂಕ ಇಳಿಯತೊಡಗಿತು.

ಅವ್ವ ರಾಗಿ ಹಿಟ್ಟನ್ನು ಜರಡಿ ಹಿಡಿದು, ಗಂಟಿಲ್ಲದೆ ಕಾಸಿ, ಚಮಚದಿಂದ ಜಾರಿ ಬೀಳುವಷ್ಟು ಹದಕ್ಕೆ ತಂದರು. ಹದ ಸರಿಯಿದೆಯೇ ಎಂದು ನಾನು ನೋಡಿದೆ. ಬಸ್ಸಾರನ್ನು ರುಬ್ಬಿ ಸೋಸಿ ಅದೇ ದರ್ಜೆಗೆ ಗಟ್ಟಿ ಮಾಡಿದರು. ಆಮೇಲೆ ಅಪ್ಪ ಯಾವಾಗಲೂ ಉಣ್ಣುವ ಸ್ಟೀಲಿನ ತಟ್ಟೆಗೇ ಹಾಕಿ, ಅದನ್ನು ಅವರ ಮುಂದಿಟ್ಟು, ಬೆಳ್ಳುಳ್ಳಿ ಒಗ್ಗರಣೆಯ ಸೌಟನ್ನು ಚುಂಯ್ ಎನ್ನುವಂತೆಯೇ ತಂದು ಪಕ್ಕದ ಬಟ್ಟಲಿನ ಸಾರಿಗೆ ಅದ್ದಿದರು. ಆ ಬಟ್ಟಲಿನದು ನಮಗೆ, ಅಪ್ಪನಿಗಲ್ಲ. ಸದ್ದೂ ವಾಸನೆಯೂ ಅಪ್ಪನಿಗೆ. ‘ಮುದ್ದೆ ತಂದಿವ್ನಿ, ಉಣ್ಣಿ’ ಎಂದರು.

ನನ್ನೊಳಗಿನ ಸಂಶೋಧಕ ಎದ್ದು ಕೂತ. ಅದು ಮುದ್ದೆಯಲ್ಲ. ಮುದ್ದೆ ಎನ್ನಬಹುದೇ? ಅಪ್ಪ ತಟ್ಟೆ ನೋಡಿದರು, ಅವ್ವನನ್ನು ನೋಡಿದರು. ‘ಮುದ್ದೆ ಅಲ್ಲ ಅಂತ ನಂಗೊತ್ತು ಕಣಮ್ಮಿ’ ಎಂದರು, ತೊದಲುತ್ತಾ. ‘ಇಕ್ಕು.’

ಆ ಹೊತ್ತು ಅರ್ಧ ತಟ್ಟೆ ಖಾಲಿಯಾಯಿತು.

ಶಂಕುಕನ ಕುದುರೆ ನನಗೆ ಸರಿಯಾಗಿ ಅರ್ಥವಾದದ್ದು ಅಲ್ಲಿ. ಅಪ್ಪ ಅದನ್ನು ಮುದ್ದೆ ಎಂದು ನಂಬಲೂ ಇಲ್ಲ, ಅಲ್ಲವೆಂದು ತಳ್ಳಲೂ ಇಲ್ಲ. ಗೊತ್ತಿದ್ದೂ ಒಪ್ಪಿದರು. ಜಪಾನಿನಲ್ಲಿ ಹಿರೋಶಿ ಎಂಡೊ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಒಂದು ಕೆಲಸವಿದೆ: ಮೆತ್ತಗೆ ಮಾಡಿದ ಆಹಾರವನ್ನು ಅಗಿಯುವವರ ದವಡೆಯ ಸ್ನಾಯುವಿನ ವಿದ್ಯುತ್ ಸಂಕೇತವನ್ನು ಹಿಡಿದು, ಅದನ್ನು ಗರಿಗರಿ ಅಗಿತದಂಥ ಸದ್ದಾಗಿ ಅದೇ ಕ್ಷಣಕ್ಕೆ ಅವರ ಕಿವಿಗೆ ಕೊಡುವುದು. ಹಾಗೆ ಕೊಟ್ಟಾಗ ಆಹಾರದಲ್ಲಿ ಅಗಿಯಲು ಏನೋ ಇದೆ ಅನ್ನಿಸುತ್ತದೆ. ಮೊದಲ ಸಲ ಓದಿದಾಗ ಹಲ್ಲಿಲ್ಲದ ಮುದುಕರಿಗೆ ಯಂತ್ರದಿಂದ ಟೊಪ್ಪಿ ಹಾಕುತ್ತಿದ್ದಾರೆ ಎಂದು ಸಿಡುಕಿದವರು ನಮ್ಮ ವಿಭಾಗದಲ್ಲೇ ಇದ್ದರು. ಕಿವಿಗೆ ಹೆಡ್‌ಫೋನ್ ಹಾಕಿಸಿಕೊಂಡು ಕೂತ ಮನುಷ್ಯನಿಗೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೇ ಇರುತ್ತದೆಯೇ? ಚಿಪ್ಸ್ ಕಂಪನಿಗೂ ಈ ಜಪಾನೀಯರಿಗೂ ತಂತ್ರ ಒಂದೇ. ತಿನ್ನುವವನ ಎದುರು ಅದನ್ನು ಬಿಚ್ಚಿ ಇಡಬಹುದೇ, ಇಟ್ಟ ಮೇಲೂ ಅವನು ‘ಇಕ್ಕು’ ಎನ್ನುತ್ತಾನೆಯೇ? ನಾನು ನೋಡುವುದು ಅದನ್ನು.

ಇದರಿಂದ ಎಲ್ಲ ಸಲೀಸಾಗುವುದಿಲ್ಲ ಎಂಬುದು ಮುಂದಿನ ತಿಂಗಳೇ ಗೊತ್ತಾಯಿತು. ಒಂದು ಕಹಿ ಮಾತ್ರೆ. ಅಪ್ಪ ಅದಕ್ಕೆ ಬಾಯಿ ತೆಗೆಯಲಿಲ್ಲ. ನೋಡಲು ಬಂದ ನೆಂಟರೊಬ್ಬರು, ‘ಪುಡಿ ಮಾಡಿ ಅಂಬಲೀಲಿ ಕಲಸ್ಬುಡಿ, ಗೊತ್ತೇ ಆಗಕಿಲ್ಲ’ ಎಂದರು. ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಪುಡಿ ಮಾಡಬಾರದು, ಕೆಲವು ಇಡಿಯಾಗಿ ನುಂಗಿದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಅದು ಬೇರೆ ವಿಚಾರ. ಪುಡಿ ಮಾಡಬಹುದು ಎಂದೇ ವೈದ್ಯರು ಹೇಳಿದರು. ಕಹಿಯನ್ನು ಅಡಗಿಸುವುದು ನನ್ನ ಕಸುಬು. ಉಪ್ಪು ಕಹಿಯನ್ನು ಹೇಗೆ ತಗ್ಗಿಸುತ್ತದೆ, ಸಿಹಿ ಎಷ್ಟು ಬೇಕು, ಯಾವ ಪರಿಮಳ ಗಮನವನ್ನು ಆ ಕಡೆ ಸೆಳೆಯುತ್ತದೆ ಎಲ್ಲ ಗೊತ್ತು. ಅಪ್ಪನಿಗೆ ಗೊತ್ತಾಗದಂತೆ ನಾನು ಅದನ್ನು ಮಾಡಬಲ್ಲವನಾಗಿದ್ದೆ, ಅದೂ ಅವರ ಒಳ್ಳೆಯದಕ್ಕೇ.

ಮಾಡಲಿಲ್ಲ. ಅಪ್ಪ ಹಾಸಿಗೆಯಲ್ಲಿ ಮಲಗಿದಾಗ ಅವರ ಕೈಯಲ್ಲಿ ಉಳಿದಿದ್ದ ಅಧಿಕಾರ ಎಷ್ಟು ಎಂದು ಎಣಿಸಿದ್ದೆ. ಯಾವಾಗ ಏಳಿಸಬೇಕು, ಯಾವಾಗ ಸ್ನಾನ, ಯಾವ ಅಂಗಿ, ಕಿಟಕಿ ತೆಗೆದಿರಬೇಕೋ ಮುಚ್ಚಿರಬೇಕೋ ಎಲ್ಲ ನಾವೇ ತೀರ್ಮಾನಿಸುತ್ತಿದ್ದೆವು. ಬಾಯಿ ಮಾತ್ರ ಅವರದಾಗಿತ್ತು. ಮಾತು ತೊದಲುತ್ತಿದ್ದ ಆ ಬಾಯಿ, ಬೇಡವಾದಾಗ ತುಟಿ ಬಿಗಿಹಿಡಿದು ಮುಚ್ಚಿಕೊಳ್ಳಬಲ್ಲದಾಗಿತ್ತು. ಕೂಸು ಕಲಿಯುವ ಮೊದಲ ‘ಬೇಡ’ವೂ ಅದೇ, ತಲೆ ತಿರುಗಿಸಿ ತುಟಿ ಮುಚ್ಚುವುದು. ಕಣ್ಣಿಗೆ ಮೋಸವಾದರೆ ಇನ್ನೊಮ್ಮೆ ನೋಡಬಹುದು, ಕಿವಿಗಾದರೆ ಮತ್ತೆ ಕೇಳಬಹುದು. ನುಂಗಿದ್ದನ್ನು ಹಾಗೆ ಹಿಂದಕ್ಕೆ ಪಡೆಯಲಾಗದು, ಅದು ಆಗಲೇ ನಾವಾಗತೊಡಗಿರುತ್ತದೆ. ವಾಸನೆ, ಬಣ್ಣ, ಸದ್ದು, ಕಹಿ ಎಲ್ಲವೂ ಆ ಹೊಸ್ತಿಲಿನ ಕಾವಲುಗಾರರು. ಅವರ ಕೈಯಲ್ಲಿ ಹಾಡು ಹೇಳಿಸಬಹುದು, ತಪ್ಪಿಲ್ಲ. ಅವರಿಗೆ ಮಂಕುಬೂದಿ ಎರಚಿ ಒಳಗೆ ನುಗ್ಗುವುದು ಬೇರೆ.

ಮಾತ್ರೆಯನ್ನು ಬೆಲ್ಲದ ಪಾಕದಲ್ಲಿ ಕಲಸಿ, ಇದು ಮಾತ್ರೆ, ಕಹಿಯಿದೆ, ಬೆಲ್ಲ ಹಾಕಿದ್ದೇವೆ ಎಂದು ಹೇಳಿಯೇ ಕೊಟ್ಟೆವು. ಅಪ್ಪ ಒಂದು ದಿನ ತೆಗೆದುಕೊಂಡರು, ಒಂದು ದಿನ ಬಾಯಿ ಮುಚ್ಚಿದರು. ಮುಚ್ಚಿದ ದಿನ ಒಂದು ಗಂಟೆ ಕಾದು ಮತ್ತೆ ಕೇಳುತ್ತಿದ್ದೆವು. ಇದನ್ನು ಎಲ್ಲರಿಗೂ ನಿಯಮವಾಗಿ ಹೇಳುವ ಧೈರ್ಯ ನನಗಿಲ್ಲ. ಮರೆವಿನ ಕಾಯಿಲೆಯಲ್ಲಿ ಮಾತ್ರೆ ಎಂದರೇನೆಂದೇ ತಿಳಿಯದ ತಾಯಿಯನ್ನು ನೋಡಿಕೊಳ್ಳುವ ಮಗಳಿಗೆ ನಾನು ಯಾವ ಬಾಯಿಯಿಂದ ಹೇಳಲಿ? ಅಲ್ಲಿ ‘ಹೇಳಿ ಕೊಡುವುದು’ ಎಂಬ ಮಾತಿಗೇ ಅರ್ಥ ಅಲುಗಾಡುತ್ತದೆ. ಆದರೂ ಆ ಮಗಳು ಗುಟ್ಟಾಗಿ ಬೆರೆಸುವಾಗ ತನಗೆ ಆಗುವ ಸಂಕಟ ಬರೀ ಭಾವುಕತೆಯಲ್ಲ, ಏನೋ ನಿಜವಾದದ್ದನ್ನು ಅದು 알 ಹಿಡಿದಿದೆ ಎಂದಷ್ಟೇ ಹೇಳಬಲ್ಲೆ.

ಅಪ್ಪ ಈಗ ಮೆತ್ತಗೆ ಕಿವುಚಿದ ಅನ್ನದವರೆಗೆ ಬಂದಿದ್ದಾರೆ. ಮುದ್ದೆಗೆ ಇನ್ನೂ ಅಪ್ಪಣೆಯಿಲ್ಲ.

ನಾನು ಪ್ರಯೋಗಾಲಯಕ್ಕೆ ಮರಳಿದ್ದೇನೆ. ಕೆಂಪು ದೀಪದ ಸಣ್ಣ ಸಣ್ಣ ಗೂಡುಗಳಲ್ಲಿ ಜನ ಕೂತು ನಾನು ಕೊಟ್ಟದ್ದನ್ನು ತಿನ್ನುತ್ತಾರೆ. ಬಣ್ಣ ಕಂಡು ನಾಲಗೆ ಪ್ರಭಾವಿತವಾಗದಿರಲಿ ಎಂದು ಆ ದೀಪ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಪ್ರಯೋಗ ನಡೆಯುವುದಿಲ್ಲ, ಹಾಗಾಗಿ ಕೆಲವನ್ನು ಮುಗಿದ ಮೇಲೆ ಹೇಳುತ್ತೇವೆ. ಈ ಸಲದ ಒಪ್ಪಿಗೆ ಪತ್ರದ ಕನ್ನಡ ಪ್ರತಿಯಲ್ಲಿ ಒಂದು ಸಾಲು ಸೇರಿಸಿದೆ: ‘ಬಾಯಿಗೆ ಹಾಕಿಕೊಂಡದ್ದನ್ನು ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆ, ಉಗಿಯಬಹುದು.’ ಪರಿಶೀಲನಾ ಸಮಿತಿಯ ಹಿರಿಯರೊಬ್ಬರು ‘ಉಗಿಯಬಹುದು’ ಅಷ್ಟು ಚೆನ್ನಾಗಿಲ್ಲ, ‘ಹೊರಹಾಕಬಹುದು’ ಎಂದು ಮಾಡಿ ಎಂದರು. ಉಗಿಯುವುದು ಎಂದರೆ ಎಲ್ಲರಿಗೂ ತಿಳಿಯುತ್ತದೆ ಸಾರ್ ಎಂದೆ. ಸ್ವಲ್ಪ ಹೊತ್ತು ಪತ್ರ ನೋಡಿ, ಸಹಿ ಹಾಕಿ ಕೊಟ್ಟರು. ಪ್ರತಿ ಗೂಡಿನಲ್ಲೂ ನೀರಿನ ಲೋಟದ ಪಕ್ಕ ಒಂದು ಖಾಲಿ ಲೋಟ ಇಟ್ಟಿದ್ದೇನೆ.